ಉಪ್ಪುನೀರಿನ ಏಳನೇ ಗಾಜು

ಬ್ಯಾರೆಯವರಿಗೆ ವರ್ಷಕ್ಕೊಮ್ಮೆ ಬರೋ ತಲಿನೋವು ನನಗ ವಾರಕ್ಕೊಮ್ಮೆ ಬರತೈತಿ. ಸಾಲಿ ಕಟ್ಟಿ ಹತ್ತಿದವನಲ್ಲ ನಾನು. ಆದ್ರ ಒಂದ ಕೈಯಾಗ ಹೋರಿ ಹಿಡಕೊಂಡು ಇನ್ನೊಂದರಾಗ ಬೀಡಿ ಹಚ್ಚಿದವ. ಅಂಥವ ಈಗ ಹೊಸಪೇಟ್ಯಾಗ ಪಶುವೈದ್ಯ ಅಮ್ಮಾರ ಲ್ಯಾಬಿನಾಗ ಆಳಾಗಿ ಅದೀನಿ. ಗಂಡುನಾಯಿಗೆ ಉಚ್ಚಿಚೀಲದ ಬುಡಕ್ಕ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರತೈತಿ. ಅದರೊಳಗ ಉಪ್ಪು ಆಚೆ ದಬ್ಬೋ ಪಂಪಿನಂಥ ಪ್ರೋಟೀನು ಎಲ್ಲೆಲ್ಲಿ ಐತಿ ಅಂತ, ಅದಕ್ಕಷ್ಟ ಹೋಗಿ ಅಂಟೋ ಆಂಟಿಬಾಡಿ ಅನ್ನೋ ದ್ರವ ಬಿಟ್ಟು ಹುಡುಕೋದು ಅಮ್ಮಾರ ಓದು. ಸಿಕ್ಕಲ್ಲಿ ಕಂದು ಬಣ್ಣ. ಸರಿಹೋದ್ರ ದೊಡ್ಡ ಡಿಗ್ರಿ. ಇಲ್ಲಾಂದ್ರ ಮತ್ತ ಮೊದಲಿಂದ. ಎಲ್ಲೇ ಗಂಡುನಾಯಿ ಸತ್ರೂ ಓಡಿಹೋಗಿ ಅದರ ಗ್ರಂಥಿ ಐಸಿನ್ಯಾಗಿಟ್ಟು ತರೋದು ನನ್ನ ಕೆಲಸ.

೧. ಸಂಡೂರಿನ ಸಾವು

"ನಮ್ಮ ಮುದಿ ನಾಯಿ ಹೋತ್ರಿ, ಜಲ್ದಿ ಬರ್ರಿ" ಅಂತ ಫೋನು. ಐಸ್ ಡಬ್ಬಿ ತೊಡಿಮ್ಯಾಗ ಇಟ್ಕೊಂಡು ಬಸ್ಸು ಹತ್ತಿದೆ. ಇಳಿಯೋದ್ರಾಗ ಕೆಂಪು ಧೂಳಿಗೆ ನಾನು, ಡಬ್ಬಿ ಎರಡೂ ಒಂದ ಬಣ್ಣ. ನಾಯಿ ಕಟ್ಟಿಮ್ಯಾಗ ಬಿಸಿಲು ಕಾಯಸಾಕತ್ತಿತ್ತು!

"ಏನ್ರಿ ಇದು?"

"ಇವತ್ತೋ ನಾಳೆನೋ ಹೋಗತೈತ್ರಿ. ನಿಮಗ ತಡ ಆಗಬಾರ್ದಂತ ಮೊದಲ ಹೇಳಿದೆ. ಕುಂದ್ರಿ, ಚಾ ಕುಡೀರಿ."

ಚಾ ಮುಗಿಯೋದ್ರಾಗ ನಾಯಿ ಬಂದು ಡಬ್ಬಿಮ್ಯಾಗ ಕಾಲೆತ್ತಿತು. ಪೈಪಿನಂಗ ಧಾರಿ! ಅದರ ಗ್ರಂಥಿ ಮಸ್ತ್ ಐತಿ ಅಂತ ಆಂಟಿಬಾಡಿ ಇಲ್ಲದ ಗೊತ್ತಾತು.

೨. ಎಮ್ಮಿಗನೂರಿನ ಚೀಲ

ಒಬ್ಬ ರೈತ ಸತ್ತ ನಾಯಿ ಗೋಣಿಚೀಲದಾಗ ತಂದ. ಬಿಚ್ಚಿದ್ರ ಹೆಣ್ಣು. "ಲೇ, ಹೆಣ್ಣುನಾಯಿಗೆ ಆ ಗ್ರಂಥಿ ಇರಂಗಿಲ್ಲ" ಅಂದೆ.

"ಒಳಗೊಮ್ಮೆ ನೋಡ್ರಿ ಯಜಮಾನ್ರ. ಊರಾಗಿನ ಗಂಡುನಾಯೆಲ್ಲಾ ಇದಕ್ಕ ಹೆದರತಿದ್ದವು."

ಹಂಗಾದ್ರ ನನ್ನ ಹೆಂಡತಿಗೆ ಎರಡಿರಬೇಕು.

೩. ನನ್ನ ದೊಡ್ಡ ಸಾಧನೆ

ಮರುದಿನ ಸಂಜಿಗೆ ಅಮ್ಮಾರ ಗುರುಗಳು ನೋಡಾಕ ಬರೋರು. ಏಳು ಗಾಜಿನಮ್ಯಾಗ ಗ್ರಂಥಿಯ ತೆಳ್ಳನ್ನ ಚೂರು. ಆರಕ್ಕ ಆಂಟಿಬಾಡಿ ಬಿಟ್ಟ ಅಮ್ಮಾರು ಏಳನೇದಕ್ಕ ಬರೇ ಉಪ್ಪುನೀರು ಹಾಕಿ ಊಟಕ್ಕ ಹೋದ್ರು. ಪಾಪ, ಮರೆತಾರ ಅಂತ ನಾನ ಒಂದು ಹನಿ ಆಂಟಿಬಾಡಿ ಬಿಟ್ಟೆ. ಏಳೂ ಕಂದಾದವು.

ಅಮ್ಮಾರು ತಲಿ ಹಿಡಕೊಂಡ್ರು. "ತಾತ, ಅದನ್ನ ಬೇಕಂತನ ಬಿಟ್ಟಿದ್ದೆ! ಆಂಟಿಬಾಡಿ ಇಲ್ಲಾಂದ್ರ ಬಣ್ಣಿಲ್ಲ ಅಂತ ತೋರಿಸಿದ್ರನ ಉಳಿದ ಆರನ್ನ ನಂಬತಾರ."

"ಬಣ್ಣ ಚಲೋ ಬಂದೈತೆಲ್ರಿ?"

"ತಾತಾ!"

ಮುಂಜಾನೆ ಏಳೂ ಮತ್ತ ಮಾಡಿದ್ರು. ಆಂಟಿಬಾಡಿ ಬಾಟ್ಲಿ ತಳ ಕಂಡಿತು. ಇನ್ನೊಂದು ಸಲಕ್ಕ ಇಲ್ಲ. ನನಗ ಒಂದ ಕೆಲಸ, ಕೈ ಬೆನ್ನ ಹಿಂದ ಕಟ್ಟಿಕೊಂಡು ಕುಂದ್ರೋದು. ಮೂಗು ಕಡೀತು, ಕೆರಕೊಳ್ಳಲಿಲ್ಲ.

ಸಂಜಿಗೆ ಗುರುಗಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಆರಕ್ಕೂ "ಹ್ಞೂಂ" ಅಂದ್ರು. ಏಳನೇದಕ್ಕ ಮುಖ ಅರಳಿತು. "ಒಂದು ಚುಕ್ಕಿ ಬಣ್ಣಿಲ್ಲ! ಇನ್ನ ಎಲ್ಲಾ ನಂಬಬಹುದು. ಯಾರ ಕೈಗುಣ ಇದು?"

ಅಮ್ಮಾರು ನಕ್ಕೋತ ನನ್ನ ಕಡೆ ಬೆರಳು ಮಾಡಿದ್ರು. ಗುರುಗಳು ಎದ್ದು ಬಂದು ಕೈ ಕುಲುಕಿದ್ರು. "ಏನು ಮಾಡಿದ್ರಿ ತಾತ?"

"ಏನೂ ಮಾಡಲಿಲ್ರಿ."

ನನ್ನ ಜನ್ಮದಾಗ ಉಬ್ಬಿಸದ ಹೇಳಿದ್ದು ಅದೊಂದ ಮಾತು. ಅವರು ಅಮ್ಮಾರ ಕಡೆ ತಿರುಗಿ ಅಂದ್ರು: "ಎಷ್ಟು ವಿನಯ ನೋಡಮ್ಮ!"