ನನಗಿಲ್ಲದ ತಮ್ಮನ ಕಂಪ್ಯೂಟರ್

ಮೌಸ್ ಪ್ಯಾಡಿನ ಮೇಲೆ ಅಚ್ಚಾಗಿದ್ದ ಹುಲಿಯ ಎಡಗಣ್ಣಿನಲ್ಲಿ ಒಂದು ಅಕ್ಷತೆ ಕಾಳು ಕೂತಿತ್ತು. ಅರಿಶಿನದ ಬಣ್ಣ ಹುಲಿಯ ಬಣ್ಣಕ್ಕೆ ಹೊಂದಿಕೊಂಡಿದ್ದರಿಂದ, ಬಗ್ಗಿ ನೋಡಿದವರಿಗೆ ಮಾತ್ರ ಅದು ಒಕ್ಕಣ್ಣ ಹುಲಿಯಲ್ಲ ಎಂದು ತಿಳಿಯುತ್ತಿತ್ತು. ಆ ಪ್ಯಾಡನ್ನು ಅಂಗಡಿಯವರು ನನ್ನ ತಮ್ಮನಿಗೆಂದು ಪುಕ್ಕಟೆಯಾಗಿ ಕೊಟ್ಟಿದ್ದರು. ನನಗೆ ತಮ್ಮನಿಲ್ಲ. ಅಣ್ಣನೂ ಇಲ್ಲ. ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ಇರುವುದು ಅಪ್ಪ, ಅಮ್ಮ ಮತ್ತು ನಾನು.

ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ನಾನು ಆ ಜಾತಿಯವಳಲ್ಲ. ಹೋಟೆಲಿನಲ್ಲಿ ಕಾಫಿ ಕೇಳಿ ಟೀ ಬಂದರೆ ಟೀ ಕುಡಿದು ಎದ್ದು ಬರುತ್ತೇನೆ. ದರ್ಜಿ ತೋಳು ಉದ್ದ ಹೊಲಿದರೆ ಮಡಚಿಕೊಂಡು, ಅದೇ ಈಗಿನ ಫ್ಯಾಷನ್ ಇರಬಹುದು ಎಂದುಕೊಳ್ಳುತ್ತೇನೆ. ಹಾಗೆಂದು ನನಗೆ ಬಾಯೇ ಇಲ್ಲವೆಂದಲ್ಲ. ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಹಿಂದಿನ ಬೆಂಚಿನವರು ಪಿಸುಗುಟ್ಟಿದರೆ ಅವರನ್ನು ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸುತ್ತೇನೆ. ಬೇರೆಯವರ ತಪ್ಪು ಹೇಳುವಾಗ ಏಳುವ ದನಿ ನನ್ನ ಆಸೆ ಹೇಳುವಾಗ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ನನ್ನ ಆಸೆಯಾದರೂ ಏನು? ನಾನು ಕಂಪ್ಯೂಟರ್ ಗೇಮ್ ಆಡುತ್ತೇನೆ. ಇಸ್ಪೀಟಿನ ಎಲೆ ಜೋಡಿಸುವ ಆಟವಲ್ಲ; ಕೋಟೆ ಕಾಯುವ ಆಟ. ಬುರುಜು ಕಟ್ಟಿ, ಕಂದಕ ತೋಡಿ, ಕಾದ ಎಣ್ಣೆ ಸಿದ್ಧಮಾಡಿಕೊಂಡು ಶತ್ರುವಿನ ದಾರಿ ಕಾಯಬೇಕು. ಸಂಜೆ ಮೇಡಂ ಮನೆಗೆ ಹೋಗಿ ಇನ್ನಷ್ಟು ಲೆಕ್ಕ ಬಿಡಿಸುತ್ತಾರೆ ಎಂದು ನಂಬಿರುವ ನನ್ನ ವಿದ್ಯಾರ್ಥಿನಿಯರಿಗೆ, ಮೇಡಂ ಬಾಗಿಲು ಹಾಕಿಕೊಂಡು ದಂಡಿನ ಮೇಲೆ ಎಣ್ಣೆ ಸುರಿಯುತ್ತಿರುತ್ತಾರೆ ಎಂಬುದು ತಿಳಿಯದಿರುವುದೇ ಕ್ಷೇಮ. ಆದರೆ ನನ್ನ ಹಳೆಯ ಕಂಪ್ಯೂಟರಿಗೆ ಯುದ್ಧದ ಶಕ್ತಿ ಇರಲಿಲ್ಲ. ಶತ್ರುವಿನ ಆನೆ ಸರಿಯಾಗಿ ಹೆಬ್ಬಾಗಿಲಿಗೆ ಬಂದು, ಒಂದು ಕಾಲೆತ್ತಿ, ಹಾಗೇ ನಿಂತುಬಿಡುತ್ತಿತ್ತು. ನಾನು ಎದ್ದು ಹೋಗಿ ಒಣಗಿದ ಬಟ್ಟೆ ತಂದು ಮಡಚಿಟ್ಟರೂ ಅದು ಕಾಲಿಳಿಸುತ್ತಿರಲಿಲ್ಲ. ಅಷ್ಟು ತಾಳ್ಮೆಯ ಶತ್ರುವನ್ನು ಸೋಲಿಸುವುದೂ ಕಷ್ಟ, ಅದರ ಕೈಯಲ್ಲಿ ಸೋಲುವುದೂ ಕಷ್ಟ.

ಹೊಸ ಕಂಪ್ಯೂಟರ್ ತೆಗೆದುಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಏಕೆ ಎಂದು ಹೇಳಲಿಲ್ಲ. ಪ್ರಶ್ನೆಪತ್ರಿಕೆ ಟೈಪ್ ಮಾಡುವುದಕ್ಕೆಂದು ಅಪ್ಪ ತಾವೇ ಅಂದುಕೊಂಡರು, ನಾನು ಅಲ್ಲವೆನ್ನಲಿಲ್ಲ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸದಲ್ಲಿದ್ದವರು. ಮುದ್ರೆಯಿಲ್ಲದ ವಸ್ತು ಅವರ ಪಾಲಿಗೆ ಅನಾಥ ವಸ್ತು. "ಬ್ರ್ಯಾಂಡೆಡ್ ತಗೋಮ್ಮಾ. ನಾಳೆ ಕೆಟ್ರೆ ಕೇಳೋಕೆ ಒಂದು ಬಾಗಿಲಿರುತ್ತೆ. ಅಸೆಂಬಲ್ಡ್ ಅಂದ್ರೆ ಏನು? ಅವನ ಕೈ, ಇವನ ಕಾಲು, ಇನ್ಯಾವನದೋ ತಲೆ" ಎಂದರು.

ಕಂಪ್ಯೂಟರನ್ನು ಮುಟ್ಟಿಯೂ ನೋಡಿರದ ಅಮ್ಮ ಅಡುಗೆಮನೆಯಿಂದಲೇ ವಿರುದ್ಧ ಮತ ಹಾಕಿದರು. "ಹುಳಿ ಪುಡಿ ಅಂಗಡೀದು ತರ್ತೀವೇನ್ರೀ ನಾವು? ಮೆಣಸಿನಕಾಯಿ ನಾವೇ ಆರ್ಸಿ, ಹುರಿದು, ಮೂಡಲಪಾಳ್ಯದ ಗಿರಣೀಲಿ ಮುಂದೆ ನಿಂತು ಪುಡಿ ಮಾಡಿಸ್ಕೊಂಡು ಬರಲ್ವಾ? ಇದೂ ಹಂಗೇ. ಪ್ಯಾಕೆಟ್ಟಲ್ಲಿ ಏನ್ ತುಂಬಿರ್ತಾರೋ ಯಾರ್ ಕಂಡ್ರು?" ಬ್ರ್ಯಾಂಡೆಡ್ ಮತ್ತು ಅಸೆಂಬಲ್ಡ್ ಕುರಿತು ನಾನು ಓದಿದ್ದ ಎಲ್ಲ ಪತ್ರಿಕೆಗಳ ಸಾರಾಂಶ ಇದೇ ಆಗಿತ್ತು. ಅವರು ಅದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ, ಅಷ್ಟೆ.

ಆದರೂ ಅಪ್ಪನ ಸಮಾಧಾನಕ್ಕೆ ಮೊದಲು ಅವರ ಜೊತೆ ರಾಜಾಜಿನಗರದ ಒಂದು ದೊಡ್ಡ ಮಳಿಗೆಗೆ ಹೋದೆ. ತಣ್ಣಗಿನ ಗಾಳಿ, ಕುಡಿಯಲು ನೀರು, ಸಾಲಾಗಿ ನಿಂತ ಒಂದೇ ಥರದ ಕಂಪ್ಯೂಟರುಗಳು. ನಿಜ ಹೇಳಬೇಕೆಂದರೆ ನನಗೆ ಆ ಜಾಗ ಬಹಳ ಹಿಡಿಸಿತು. ಏಕೆಂದರೆ ಅಲ್ಲಿ ಯಾರೂ ನನ್ನನ್ನು "ಏನಕ್ಕೆ?" ಎಂದು ಕೇಳಲಿಲ್ಲ. ಕಂಪನಿಯೇ ಮೊದಲು ಎಲ್ಲವನ್ನೂ ತೀರ್ಮಾನಿಸಿ, ಡಬ್ಬಿ ಮುಚ್ಚಿ, ಮೇಲೊಂದು ಸೀಲು ಅಂಟಿಸಿತ್ತು. ನನ್ನಂಥವಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ತೊಂದರೆ ಒಂದೇ: ಚಿತ್ರಗಳನ್ನು ಸರಸರನೆ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗ ಅದರಲ್ಲಿ ಇರಲಿಲ್ಲ. "ಬೇರೆ ಕಾರ್ಡ್ ಹಾಕಬಹುದಾ?" ಎಂದು ಮೆಲ್ಲಗೆ ಕೇಳಿದೆ. ಟೈ ಕಟ್ಟಿದ ಹುಡುಗ, "ಇದರ ಜೊತೆ ಪ್ರಿಂಟರ್ ಫ್ರೀ ಮೇಡಂ" ಎಂದ. ಇನ್ನೊಮ್ಮೆ ಕೇಳಿದೆ. "ಓಪನ್ ಮಾಡಿದ್ರೆ ವಾರಂಟಿ ಹೋಗುತ್ತೆ ಮೇಡಂ" ಎಂದ. ಪ್ರಿಂಟರಿನ ಮೇಲೆ ಅಪ್ಪನ ಕೈ ಆಗಲೇ ಮಗುವಿನ ತಲೆ ಸವರುವಂತೆ ಓಡಾಡುತ್ತಿತ್ತು. ನನ್ನ ಕಣ್ಣ ಮುಂದೆ ಆನೆ ಕಾಲೆತ್ತಿ ನಿಂತಿತ್ತು. ಯೋಚಿಸಿ ಹೇಳುತ್ತೇವೆ ಎಂದು ಹೊರಟುಬಂದೆವು.

ಮರುದಿನ ಕಾಲೇಜು ಮುಗಿಸಿ ಒಬ್ಬಳೇ ವಿಜಯನಗರ ಬಸ್ ನಿಲ್ದಾಣದ ಹತ್ತಿರದ ಒಂದು ನೆಲಮಾಳಿಗೆಯ ಅಂಗಡಿಗೆ ಇಳಿದೆ. ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ಮಂಜಣ್ಣನ ಅಂಗಡಿ ಅದು. ಬಾಗಿಲಲ್ಲೇ ಪ್ರಶ್ನೆ ಕಾದಿತ್ತು.

"ಬನ್ನಿ ಮೇಡಂ. ಏನ್ ಯೂಸ್‌ಗೆ?"

"ಮನೆಗೆ."

"ಮನೆಗೇ ಅಂದ್ರೆ? ನೆಟ್ಟಾ, ಅಕೌಂಟ್ಸಾ, ಪಿಚ್ಚರ್ ನೋಡೋಕಾ? ಹೇಳಿದ್ರೆ ತಾನೆ ಅದಕ್ಕೆ ತಕ್ಕ ಹಂಗೆ ಹಾಕ್ಕೊಡೋದು."

ಜೋಡಿಸಿದ ಕಂಪ್ಯೂಟರಿನ ನಿಜವಾದ ಕಷ್ಟ ಯಾವ ಪತ್ರಿಕೆಯೂ ಬರೆಯದ ಈ ಕಷ್ಟವೇ. ಅಲ್ಲಿ ನಿಮ್ಮ ಆಸೆಯನ್ನು ನೀವೇ ಹೇಳಬೇಕು, ಅದೂ ಪಕ್ಕದಲ್ಲಿ ಕೀಬೋರ್ಡ್ ಕೊಳ್ಳಲು ಬಂದ ಅಪರಿಚಿತರ ಎದುರು. "ಗ್ರಾಫಿಕ್ಸ್ ಕಾರ್ಡ್ ಸ್ವಲ್ಪ ಚೆನ್ನಾಗಿರ್ಬೇಕು" ಎಂದೆ. ಮಂಜಣ್ಣನ ಮುಖ ಅರಳಿತು. "ಅಯ್ಯೋ, ಗೇಮ್ಸಾ? ತಮ್ಮನಿಗೆ ಅಂತ ಮೊದ್ಲೇ ಹೇಳ್ಬಾರ್ದಾ!"

ಅಲ್ಲ ಎನ್ನಬಹುದಿತ್ತು. ಕಾಫಿಯ ಬದಲು ಬಂದ ಟೀಯಂತೆ ಸುಮ್ಮನೆ ಸ್ವೀಕರಿಸಿದೆ. "ಏನ್ ಓದ್ತಿದಾನೆ?" ಎಂದರು. "ಪಿಯುಸಿ" ಎಂಬ ಮಾತು ಯಾರೋ ಹೇಳಿದಂತೆ ನನ್ನ ಬಾಯಿಂದ ಬಂತು.

ಆಮೇಲೆ ಎಲ್ಲ ಸುಲಭವಾಯಿತು, ತಮ್ಮನಿಗೆ. ನಾನು ಪ್ರೊಸೆಸರಿನಲ್ಲಿ ಸ್ವಲ್ಪ ಉಳಿಸಿ ಕಾರ್ಡಿಗೆ ಹಾಕೋಣ ಎಂದರೆ, "ತಿಳ್ಕೊಂಡಿದಾನೆ ಹುಡುಗ" ಎಂದರು. ವಿದ್ಯುತ್ ಒದಗಿಸುವ ಪೆಟ್ಟಿಗೆ ಅಗ್ಗದ್ದು ಬೇಡ, ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ ಎಂದೆ. ಮಂಜಣ್ಣ ಪಕ್ಕದ ಗಿರಾಕಿಯ ಕಡೆ ತಿರುಗಿ, "ನೋಡಿ ಸಾರ್, ಪಿಯುಸಿ ಹುಡುಗ. ಅಕ್ಕನ ಕೈಲಿ ಎಷ್ಟು ನೀಟಾಗಿ ಹೇಳಿ ಕಳ್ಸಿದಾನೆ" ಎಂದರು. ಆ ಗಿರಾಕಿ ತಲೆದೂಗಿದರು. ವಾರಗಟ್ಟಲೆ ಓದಿದವಳು ನಾನು, ಹೊಗಳಿಸಿಕೊಂಡವನು ಅವನು. ಇಲ್ಲದ ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. "ಆದ್ರೆ ಮೇಡಂ, ಎಕ್ಸಾಮ್ ಮುಗಿಯೋ ತನಕ ಕೊಡ್ಬೇಡಿ, ಹಾಳಾಗ್ತಾನೆ" ಎಂದು ಅವರು ಎಚ್ಚರಿಸಿದಾಗ ಮಾತ್ರ, "ಇಲ್ಲ, ಅವನು ಓದೋದ್ರಲ್ಲೂ ಚೆನ್ನಾಗಿದಾನೆ" ಎಂದು ಅವನ ಪರ ವಹಿಸಿದೆ. ಎಷ್ಟಾದರೂ ಒಡಹುಟ್ಟಿದವನು.

ಗಿರಣಿಯಲ್ಲಿ ಅಮ್ಮ ನಿಲ್ಲುವಂತೆ, ಭಾಗಗಳು ಅದಲುಬದಲಾಗದಂತೆ ಎದುರಿಗೇ ನಿಂತು ಎಲ್ಲವನ್ನೂ ಆರಿಸಿದೆ. ಭಾನುವಾರ ಸಂಜೆ ಮಂಜಣ್ಣನೇ ಕಂಪ್ಯೂಟರನ್ನು ಮನೆಗೆ ತಂದರು. ತಂದದ್ದು ಸರಿಯಾಗಿ ರಾಹುಕಾಲದಲ್ಲಿ. "ಮುಗೀಲಿ, ಆಮೇಲೆ ಸ್ವಿಚ್ ಹಾಕಿ" ಎಂದು ಅಮ್ಮ ಅವರನ್ನು ಹಾಲ್‌ನಲ್ಲಿ ಕೂರಿಸಿ ಬೋಂಡಾ ಕರಿಯಲು ಹೋದರು. ಈ ವಿರಾಮವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಲಸವಿಲ್ಲದೆ ಕೂತ ಮನುಷ್ಯ ಕುಶಲ ವಿಚಾರಿಸದೆ ಇರುತ್ತಾನೆಯೆ?

ಅಮ್ಮ ತಟ್ಟೆ ಹಿಡಿದು ಬಂದರು. ಮಂಜಣ್ಣ ಬೋಂಡಾ ಮುರಿಯುತ್ತ, "ಎಲ್ಲಿ ಆಂಟಿ, ಮಗ ಕಾಣ್ತಾನೇ ಇಲ್ಲ?" ಎಂದರು.

ಪೇಪರಿನ ಹಿಂದಿನಿಂದ ಅಪ್ಪನ ತಲೆ ಮೇಲೆದ್ದಿತು. "ಯಾವ..."

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅಮ್ಮ ಮಂಜಣ್ಣನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು, ಕ್ಯಾಲೆಂಡರ್ ಓದುತ್ತಿದ್ದ ನನ್ನ ಬೆನ್ನನ್ನೂ ನೋಡಿರಬೇಕು. "ಟ್ಯೂಷನ್ನಿಗೆ ಹೋಗಿದಾನಪ್ಪ" ಎಂದರು. ಅಪ್ಪನ ಕೈಗೆ ತಟ್ಟೆ ಕೊಟ್ಟು, "ನೀವು ತಿನ್ರೀ, ಆರೋಗುತ್ತೆ" ಎಂದರು. ಅಪ್ಪ ತಿಂದರು.

"ಭಾನುವಾರಾನೂ ಟ್ಯೂಷನ್ನಾ! ಪಾಪ" ಎಂದು ಮಂಜಣ್ಣ ಮರುಗಿ, ಚೀಲದಿಂದ ಹುಲಿಯ ಮೌಸ್ ಪ್ಯಾಡ್ ತೆಗೆದು, "ಇದು ಅವನಿಗೆ ನನ್ ಕಡೆಯಿಂದ" ಎಂದು ಅಮ್ಮನ ಕೈಗಿತ್ತರು.

ರಾಹುಕಾಲ ಕಳೆದು ಸ್ವಿಚ್ ಹಾಕಿದಾಗ, ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಗಾಜಿನೊಳಗಿಂದ ನೀಲಿ ಬೆಳಕು ಹರಿದು, ನನ್ನ ಕೋಣೆ ಗಣೇಶನ ಪೆಂಡಾಲಿನಂತಾಯಿತು. ಅಮ್ಮನಿಗೆ ಭಕ್ತಿ ಉಕ್ಕಲು ಅಷ್ಟು ಸಾಕಾಯಿತು. ಕುಂಕುಮವಿಟ್ಟರು, ಹೂವಿಟ್ಟರು, ಕಣ್ಣುಮುಚ್ಚಿ ಧಾರಾಳವಾಗಿ ಅಕ್ಷತೆ ಹಾಕಿದರು. ಪೆಟ್ಟಿಗೆಯ ನೆತ್ತಿಯ ಮೇಲೆ, ಬಿಸಿಗಾಳಿ ಹೊರಹಾಕಲೆಂದು ನಾನೇ ಆರಿಸಿದ್ದ, ಜಾಲರಿಯ ಫ್ಯಾನ್ ಇತ್ತು. ಯಾರಿಗೂ ಅದು ಹೊಳೆಯಲಿಲ್ಲ. ಮಂಜಣ್ಣನೂ ಕೈಮುಗಿದುಕೊಂಡೇ ನಿಂತಿದ್ದರು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಆನೆ ಬಂತು. ಹೆಬ್ಬಾಗಿಲಿನ ಮುಂದೆ ಕಾಲೆತ್ತಿತು. ಇಳಿಸಿತು. ಇನ್ನೊಂದು ಕಾಲು ಎತ್ತಿತು. ಎಷ್ಟು ಚಂದ ನಡೆಯಿತೆಂದರೆ ಎಣ್ಣೆ ಸುರಿಯಲು ಮನಸ್ಸಾಗದೆ ಅದು ಬಾಗಿಲು ಮುರಿಯುವುದನ್ನೇ ನೋಡುತ್ತ ಕೂತೆ. ಆ ಹೊತ್ತಿಗೆ ಪೆಟ್ಟಿಗೆಯ ನೆತ್ತಿಯಿಂದ ಕಟಕಟ ಸದ್ದು ಶುರುವಾಯಿತು. ಆನೆಯದಲ್ಲ, ಫ್ಯಾನಿನ ರೆಕ್ಕೆಗೆ ಸಿಕ್ಕಿದ ಅಕ್ಕಿಯದು. ಆಫ್ ಮಾಡಿ ಹೊರಗೆ ಬಂದು ವಿಷಯ ಹೇಳಿದೆ.

"ಮುದ್ರೆ ಇರೋ ಡಬ್ಬಿ ಆಗಿದ್ರೆ ಒಳಗೆ ಹೋಗ್ತಿತ್ತಾ ಅಕ್ಕಿ?" ಎಂದರು ಅಪ್ಪ. ಅಮ್ಮ ಅಕ್ಷತೆಯ ವಿಷಯಕ್ಕೆ ಬರಲೇ ಇಲ್ಲ. ಊಟಕ್ಕೆ ಕೂತಾಗ ಚಪಾತಿ ಬಡಿಸುತ್ತ, ಮುಖ ಗಂಟು ಹಾಕದೆಯೇ, "ನಿನ್ ತಮ್ಮನಿಗೂ ಎರಡು ಹಾಕ್ಲಾ? ಟ್ಯೂಷನ್ನಿಂದ ಹಸ್ಕೊಂಡು ಬರ್ತಾನೆ" ಎಂದರು. ಅಪ್ಪ ಕೆಮ್ಮಿದರು. ನಾನು ತಟ್ಟೆ ನೋಡಿಕೊಂಡು ತಿಂದೆ. "ಬಾಗಿಲು ಹಾಕ್ಕೊಂಡ್ರೆ ಕತ್ತಿ ಸದ್ದು ಕೇಳ್ಸಲ್ಲ ಅಂದ್ಕೊಂಡಿದೀಯೇನೆ? ವರ್ಷದಿಂದ ಕೇಳ್ತಾ ಇದೀನಿ" ಎಂದು ಸೇರಿಸಿದರು ಅಮ್ಮ. "ಆಡೋದೇ ಆದ್ರೆ ಗೆದ್ದು ತೋರ್ಸು. ಹೇಳೋಕೇನು ನಾಚಿಕೆ?"

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಮಂಜಣ್ಣನಿಗೆ ಫೋನ್ ಮಾಡಿದೆ. ಅಕ್ಷತೆ ಎಂದ ಕೂಡಲೇ ಅವರು ನಕ್ಕರು. "ಎಲ್ಲಾರ ಮನೇಲೂ ಅದೇ ಮೇಡಂ. ಮೊನ್ನೆ ಲಗ್ಗೆರೇಲಿ ಒಬ್ರು ಮಾನಿಟರ್‌ಗೆ ತೀರ್ಥ ಹಾಕಿದ್ರು. ಏನಿಲ್ಲ, ಸೈಡ್ ಬಿಚ್ಚಿ ಕಾಳು ತೆಗೆದ್ರೆ ಆಯ್ತು. ತಮ್ಮ ಎದ್ದಿದಾನಾ? ಅವನಿಗೆ ಫೋನ್ ಕೊಡಿ, ಹೇಳ್ಕೊಡ್ತೀನಿ. ನಿಮಗೆ ಗೊತ್ತಾಗಲ್ಲ."

ಅಡುಗೆಮನೆಯಲ್ಲಿ ದೋಸೆ ಮಗುಚುವ ಸದ್ದು ನಿಂತಿತು. ಹಾಲ್‌ನಲ್ಲಿ ಅಪ್ಪನ ಪೇಪರು ಅಲುಗಲಿಲ್ಲ. ನಾನು ಆಗಲೇ ಕೈಯಲ್ಲಿ ಹಿಡಿದಿದ್ದ ಸ್ಕ್ರೂಡ್ರೈವರನ್ನು ಹುಲಿಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಹಿಂದಿನ ಬೆಂಚಿಗೂ ಕೇಳಿಸುವ ನನ್ನದೇ ದನಿಯಲ್ಲಿ, "ತಮ್ಮನೇ ಮಾತಾಡ್ತಿರೋದು ಮಂಜಣ್ಣ, ಹೇಳಿ" ಎಂದೆ.