ಕಾಕಾನ ಕುಣಿತ, ಅಜ್ಜಿಯ ಮಡಿ

ನಮ್ಮ ಕಾಕಾ ನಡೆದದ್ದನ್ನು ನಾನು ಕಂಡೇ ಇಲ್ಲ! ಕಾಲು ಸರಿಯಾಗಿಯೇ ಇವೆ, ದೇವರ ದಯೆ. ಆದರೆ ಈ ಮನುಷ್ಯ ಹಾಲು ತರಲು ಹೋದರೂ ತೇಲಿಕೊಂಡು ಹೋಗುತ್ತಾನೆ, ಗಿರಗಿರ ತಿರುಗಿಕೊಂಡು ಬರುತ್ತಾನೆ. ನಮ್ಮ ಸದಾಶಿವ ಪೇಠೆಯ ರಿಕ್ಷಾದವರು ಅವನನ್ನು ಕಂಡರೆ ಗಾಡಿ ನಿಲ್ಲಿಸಿಬಿಡುತ್ತಾರೆ. ಯಾವ ಕಡೆ ಹೊರಳುತ್ತಾನೋ ಯಾರಿಗೆ ಗೊತ್ತು?

ಅಪ್ಪನ ತಮ್ಮನಾದ ಈ ಮಹಾಶಯ ತೊಂಬತ್ತರ ದಶಕದಲ್ಲಿ ಹಡಪಸರದ ಕಾರ್ಖಾನೆಯ ಗುಮಾಸ್ತಿಕೆ ಬಿಟ್ಟು ಬಾಲ್‌ರೂಮ್ ಡಾನ್ಸ್ ಕಲಿತ. ಅಭ್ಯಾಸಕ್ಕೆ ಜೋಡಿ ಬೇಕಲ್ಲ? ನಾನು ಸಿಕ್ಕೆ. ಹತ್ತನೆಯ ಇಯತ್ತೆಯ ಪರೀಕ್ಷೆ ತಲೆಯ ಮೇಲಿರುವಾಗ "ಬೆನ್ನು ನೆಟ್ಟಗ! ಬೆನ್ನು ನೆಟ್ಟಗ!" ಎಂದು ಮನೆ ತುಂಬ ತಿರುಗಿಸಿದ. ಆ ವರ್ಷ ನನ್ನ ಬೆನ್ನು ಮಾತ್ರ ಪಾಸಾಯಿತು.

ಅವನಿಗೆ ಹುಡುಗಿ ನೋಡಲು ಸೊಲ್ಲಾಪುರಕ್ಕೆ ಹೋದೆವು. ಹುಡುಗಿಯ ಅಪ್ಪ ಕೇಳಿದರು, "ಉದ್ಯೋಗ ಏನ್ ಮಾಡ್ತೀರಿ?"

"ಕುಣೀತೀನ್ರಿ."

"ಹವ್ಯಾಸ ಎಲ್ಲಾರಿಗೂ ಇರ್ತಾವ ಬಿಡ್ರಿ. ಉದ್ಯೋಗ?"

"ಅದ ಉದ್ಯೋಗರಿ."

ಅಷ್ಟರಲ್ಲಿ ಹುಡುಗಿ ಉಪ್ಪಿಟ್ಟಿನ ತಾಟು ಹಿಡಿದು ಬಂದಳು. ಇವನು ಬಾಯಿ ಮುಚ್ಚಿಕೊಂಡಿರಬಾರದೇ? "ಭುಜಾ ಇಳಸ್ರಿ, ಗದ್ದಾ ಎತ್ರಿ!" ಎಂದ. ಪಾಪ, ಇಳಿಸಿದಳು, ತಾಟಿನ ಸಮೇತ. ಉಪ್ಪಿಟ್ಟಿನ ಜೊತೆ ಸಂಬಂಧವೂ ನೆಲಕ್ಕೆ ಬಿತ್ತು.

ನನಗಿಂತ ಹೆಚ್ಚು ಬೇಸತ್ತವಳು ಅಜ್ಜಿ. "ಮಂದಿ ಹೆಂಗಸರ ನಡಾ ಹಿಡಿಯೋದೂ ಒಂದು ನೌಕರಿ ಏನೋ?" ಎಂಬುದೇ ಅವಳ ಸುಪ್ರಭಾತ. ಮುಂಜಾನೆ ಮಡಿ ಉಟ್ಟಳೆಂದರೆ ನೈವೇದ್ಯ ಆಗುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಕಾಕಾ ತಿರುಗುತ್ತ ಎದುರಾದರೆ "ದೂರ, ದೂರ!" ಎಂದು ಗೋಡೆಗೆ ಆತುಕೊಳ್ಳುವಳು. ಮುಂದೆ ಅವನು ಟೀವಿಯ ಸ್ಪರ್ಧೆಗಳಲ್ಲಿ ನಟಿಯರ ಜೋಡಿಯಾಗಿ ಕುಣಿದು ಹೆಸರಾದಾಗಲೂ ಅಜ್ಜಿ ಟೀವಿಗೆ ಬೆನ್ನು ಹಾಕಿ ಹೂಬತ್ತಿ ಹೊಸೆಯುತ್ತಿದ್ದಳು. ಕಾಕಾ ಮನೆಗೆ ಬಂದವನೇ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು: "ಅವ್ವ ನೋಡಿದಳೇನು?"

ಒಂದು ವಾರ ಡಾನ್ಸರುಗಳೆಲ್ಲ ತಮ್ಮ ಮನೆಯವರೊಬ್ಬರ ಜೊತೆ, ಮನೆಯಲ್ಲೇ ಕುಣಿಯಬೇಕೆಂದಾಯಿತು. ಕಾಕಾ ಆರಿಸಿದ್ದು ಅಜ್ಜಿಯನ್ನು!

"ಹುಚ್ಚು ಹಿಡದದೇನು? ನಾನಿಲ್ಲೇನು?" ಎಂದು ರೇಗಿದೆ.

"ನೀ ಭಾಳ ಸಲ ಕುಣದೀ. ಅವ್ವ ಒಮ್ಮೆನೂ ಕುಣದಿಲ್ಲ."

ಅವನ ಗೋಗರೆತ ತಾಳಲಾರದೆ ಅಜ್ಜಿ ಒಪ್ಪಿದಳು. ಆದರೆ ಊಟವಾದ ಮೇಲೆ. ಕ್ಯಾಮೆರಾದವರು ಹೇಳಿದಂತೆ ಬರುತ್ತಾರೆಯೇ? ಮುಂಜಾನೆಯೇ ಬಂದು ಕೂತರು, ಈಗಲೇ ಆಗಬೇಕು ಎಂದರು. ಅಜ್ಜಿ ಮಡಿಯಲ್ಲಿದ್ದಳು. ಕುಣಿಯದಿದ್ದರೆ ಕಾಕಾ ಸ್ಪರ್ಧೆಯಿಂದ ಹೊರಗೆ.

"ನೀ ನಿಂತರ ಸಾಕು ಅವ್ವಾ, ಮುಟ್ಟೂದಿಲ್ಲ," ಎಂದ ಕಾಕಾ. ಅವಳ ಸುತ್ತ ಗಾಳಿಯನ್ನೇ ಹಿಡಿದುಕೊಂಡವನಂತೆ ಕೈ ಚಾಚಿ ಹೆಜ್ಜೆ ಹಾಕತೊಡಗಿದ. "ಹಾತ್ ಧರಾ ನಾ, ಸರ್! ಹಾತ್!" ಕೈ ಹಿಡಿಯಿರೆಂದು ಕ್ಯಾಮೆರಾದವನು ಮರಾಠಿಯಲ್ಲಿ ಬೊಬ್ಬೆ ಹೊಡೆದ. ಕಾಕಾ ತಲೆಯಲ್ಲಾಡಿಸಿದ, ಹಿಡಿಯಲಿಲ್ಲ.

ಅಜ್ಜಿ ಆ ಬರಿಗೈಗಳನ್ನು ನೋಡಿದಳು. ತಟ್ಟನೆ ತಾನೇ ಹಿಡಿದಳು.

"ಮಂದಿ ಹೆಂಗಸರನ್ನ ಹಿಡೀತಿ, ಹಡದಾಕಿನ್ನ ಹಿಡೀಲಿಕ್ಕೆ ನಾಚಿಕಿ ಏನೋ? ಮತ್ತೊಮ್ಮೆ ಸ್ನಾನ ಮಾಡಿದರಾತು. ನಡಿ."

ಎಂದೂ ತಾಳ ತಪ್ಪದ ಕಾಕಾ ಅವತ್ತು ಪ್ರತಿ ಹೆಜ್ಜೆಗೂ ತಪ್ಪಿದ. ಕಣ್ಣು ತುಂಬಿದವನಿಗೆ ಕಾಲು ಎಲ್ಲಿ ಕಾಣಬೇಕು? ಆ ವಾರವೇ ಸ್ಪರ್ಧೆಯಿಂದ ಹೊರಬಿದ್ದ, ಪುಣ್ಯಾತ್ಮ!

ಅವತ್ತು ಕ್ಯಾಮೆರಾದವರು ಹೋದ ಮೇಲೆ ಬಚ್ಚಲಿನಲ್ಲಿ ನೀರು ಕಾಯಿಸಿ ಅಜ್ಜಿಯನ್ನು ಕರೆದೆ. ಅವಳು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು.

"ಇರಲಿ ಬಿಡವಾ," ಎಂದಳು. "ಇವತ್ತ ನೈವೇದ್ಯ ನಿಮ್ಮವ್ವ ಮಾಡಲಿ."