ಸೊನ್ನೆಗಿಂತ ಕಡಿಮೆ ದರ

ಮೂಡ್ಲಕೊಪ್ಪಲು ಹಾಲು ಉತ್ಪಾದಕರ ಸಂಘದ ಕಂಪ್ಯೂಟರು ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಸೋಮವಾರ ಸೇವೆಯಿಂದ ನಿವೃತ್ತವಾಯಿತೆಂದು ಈ ಮೂಲಕ ದಾಖಲಿಸಲಾಗಿದೆ. ದಾಖಲಿಸಿದವನು ನಾನೇ, ಸಂಘದ ಗುಮಾಸ್ತ. ಯಂತ್ರಕ್ಕೇನೂ ಆಗಿರಲಿಲ್ಲ. ಅದನ್ನು ನಡೆಸುವ ಮೂಲ ತಂತ್ರಾಂಶದ ಪರವಾನಗಿ ಮುಗಿದಿತ್ತು, ಅಷ್ಟೆ.

ಕೆ.ಆರ್. ಪೇಟೆಯ ಕಂಪ್ಯೂಟರ್ ಅಂಗಡಿಯ ಸಂತೋಷ್ ಬಂದು ನೋಡಿದ. ಉಬುಂಟು, ಡೆಬಿಯನ್, ಫ್ರೀಬಿಎಸ್‌ಡಿ ಎಂಬ ಮೂಲ ತಂತ್ರಾಂಶಗಳಿವೆ, ಮೂರೂ ಪುಕ್ಕಟೆ ಸಿಗುತ್ತವೆ, ಯಾವುದು ಬೇಕೋ ಹೇಳಿ, ಮಧ್ಯಾಹ್ನ ಊಟದೊಳಗೆ ಹಾಕಿಕೊಡುತ್ತೇನೆ ಎಂದ. ಪಾಪ, ಅವನಿಗೆ ಸಂಘಗಳ ಅನುಭವವಿರಲಿಲ್ಲ.

ಅಧ್ಯಕ್ಷರಾದ ಚಿಕ್ಕಸ್ವಾಮಿಯವರು ನಿಯಮಾವಳಿ ತೆಗೆಸಿದರು. ಸಂಘಕ್ಕೆ ಏನೇ ಬರಬೇಕಾದರೂ ಮೂರು ದರಪಟ್ಟಿ ಬೇಕು. ಪುಕ್ಕಟೆ ವಸ್ತುವಿಗೆ ದರಪಟ್ಟಿ ಕೊಡುವವರು ಇಲ್ಲದ ಕಾರಣ ಮೂರನ್ನೂ ಸಂತೋಷನೇ ಬರೆದುಕೊಟ್ಟ. ನಿರ್ದೇಶಕರೆಲ್ಲರ ಸಮಕ್ಷಮ ಲಕೋಟೆ ಒಡೆಯಲಾಗಿ, ಮೊದಲನೆಯದರಲ್ಲಿ ಸೊನ್ನೆ, ಎರಡನೆಯದರಲ್ಲಿ ಸೊನ್ನೆ, ಮೂರನೆಯದರಲ್ಲಿಯೂ ಸೊನ್ನೆ ಕಂಡುಬಂತು. ದರಗಳು ಸಮನಾಗಿದ್ದಲ್ಲಿ ಚೌಕಾಸಿ ಮಾಡಿ ಇಳಿಸತಕ್ಕದ್ದು ಎಂದು ನಿಯಮ. ಇಳಿಸಲು ಸಂತೋಷನಿಗೆ ಹದಿನೈದು ದಿನ ಕೊಡಲಾಯಿತು.

ಅಷ್ಟರಲ್ಲಿ ಸೋಮಮ್ಮ ಬಂದರು. ಅವರಿಗಿರುವುದು ಗೌರಿ ಎಂಬ ಒಂದೇ ಹಸು. ಬೆದೆಗೆ ಬಂದ ಹಸುವಿಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸಲು ಸಂಘದ ಚೀಟಿ ಬೇಕು. ಕಂಪ್ಯೂಟರ್ ಬಂದ ಮೇಲೆ ಚೀಟಿಯನ್ನು ಕೈಯಲ್ಲಿ ಬರೆಯಕೂಡದೆಂದು ಠರಾವಾಗಿದೆ. ಒಂದು ದಿನ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಗೌರಿ ಗಬ್ಬವಾಗದಿದ್ದರೆ ಆ ಮನೆಯ ಬದುಕೇ ನಿಲ್ಲುತ್ತದೆ.

"ಇವತ್ತೇ ಬೆದೆಗ್ ಬಂದದೆ ಕಣಣ್ಣ. ಒಂದ್ ಚೀಟಿ ಬರ್ಕೊಟ್ಬುಡಿ."

"ತಂತ್ರಾಂಶದ ಆಯ್ಕೆ ಆಗ್ಲಿ ಕಣವ್ವ," ಎಂದರು ಚಿಕ್ಕಸ್ವಾಮಿಯವರು. "ಅಲ್ಲೀಗಂಟ ವಸಿ ತಡ್ಕೊ ಅನ್ನು ಗೌರಿಗೆ."

ಸೊನ್ನೆಯ ಕೆಳಗೆ ಇಳಿಸಲು ಬರುವುದಿಲ್ಲವೆಂದು ಸಂತೋಷ್ ಪತ್ರ ಕೊಟ್ಟ. ಸಭೆ ಇದನ್ನು ದುರಹಂಕಾರವೆಂದು ಪರಿಗಣಿಸಿ, ಅಧ್ಯಯನಕ್ಕೆ ಉಪಸಮಿತಿ ನೇಮಿಸಿತು. ಪಾಂಡವಪುರದ ಬೆಲ್ಲದ ಮಂಡಿಯೊಂದರಲ್ಲಿ ಡೆಬಿಯನ್ ನಾಲ್ಕು ವರ್ಷದಿಂದ ಒಮ್ಮೆಯೂ ಕೆಟ್ಟಿಲ್ಲವೆಂದು ತಿಳಿದುಬಂತು. ಕೆಡದಿದ್ದರೆ ರಿಪೇರಿ ಬಾಬ್ತಿಗೆ ಏನು ಬರೆಯುವುದೆಂದು ಉಪಸಮಿತಿ ಆಕ್ಷೇಪಣೆ ಎತ್ತಿತು. ಶ್ರೀರಂಗಪಟ್ಟಣದಲ್ಲಿ ಫ್ರೀಬಿಎಸ್‌ಡಿ ಹಾಕಿಕೊಂಡಿರುವ ಹೋಟೆಲಿನ ಮೀನೂಟ ಬಲು ಚೆನ್ನಾಗಿತ್ತೆಂದು ವರದಿಯಲ್ಲಿದೆ. ಬೇರೇನೂ ಕೇಳಲು ಸಮಯವಾಗಲಿಲ್ಲವಂತೆ.

ಗೌರಿ ಎರಡನೇ ಸಲ ಬೆದೆಗೆ ಬಂದು ಹೋಯಿತು. ಮೂರನೇ ಸಲ ಸೋಮಮ್ಮ ಸಂಘದ ಕಡೆ ತಲೆ ಹಾಕದೆ, ಹಸುವನ್ನು ಸಿಂಧಘಟ್ಟದ ದೊಡ್ಡಬೀರಯ್ಯನ ಹೋರಿಯ ಹತ್ತಿರ ನಡೆಸಿಕೊಂಡು ಹೋದರು. ಹೋರಿ ದರಪಟ್ಟಿ ಕೇಳಲಿಲ್ಲ.

ಒಂಬತ್ತು ತಿಂಗಳು ಕಳೆದು ಗೌರಿ ಹೆಣ್ಣು ಕರು ಹಾಕಿತು. ಗಿಣ್ಣು ಕಳೆದ ಮೇಲೆ ಸೋಮಮ್ಮ ಕ್ಯಾನ್ ಹಿಡಿದು ಸಂಘಕ್ಕೆ ಬಂದರು. ಚಿಕ್ಕಸ್ವಾಮಿಯವರು ದಾಖಲೆ ನೋಡಿದರು. ಚೀಟಿಯಿಲ್ಲ, ಆದ್ದರಿಂದ ಹಸು ಗಬ್ಬವಾಗಿಲ್ಲ. ಗಬ್ಬವಾಗಿಲ್ಲ, ಆದ್ದರಿಂದ ಕರು ಹುಟ್ಟಿಲ್ಲ. ಕರು ಹುಟ್ಟದೆ ಹಾಲೆಲ್ಲಿಂದ ಬಂತು?

"ಅಂಗಾರೆ ಕ್ಯಾನಲ್ಲಿರೋದು ಏನಣ್ಣ?" ಎಂದರು ಸೋಮಮ್ಮ.

ಅಧ್ಯಕ್ಷರು ಬಗ್ಗಿ ಬಹಳ ಹೊತ್ತು ನೋಡಿದರು. "ಅದು ಪರಿಶೀಲನೇಲದೆ ಕಣವ್ವ."

ನನಗೆ ನಾಚಿಕೆಯಾಯಿತು. ನಡಾವಳಿ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಅಂದು ತಂತ್ರಾಂಶ ಆಯ್ಕೆಯ ಹದಿನಾಲ್ಕನೇ ಸಭೆ. ಪರಿಶೀಲನೆಯಲ್ಲಿದ್ದ ಹಾಲಿನಿಂದಲೇ ಟೀ ಮಾಡಿಸಲಾಯಿತು. ಟೀ ಗಟ್ಟಿಯಾಗಿ, ಸೊಗಸಾಗಿತ್ತು. ದಾಖಲೆಯಲ್ಲಿಲ್ಲದ ಹಾಲಿಗೆ ದರ ಸೊನ್ನೆ ಎಂದೂ, ಸಭೆಗಳ ಟೀಗೆ ಇನ್ನು ಮುಂದೆ ಇದನ್ನೇ ಪಡೆಯತಕ್ಕದ್ದೆಂದೂ ಠರಾವಾಯಿತು.

ಬಾಗಿಲಲ್ಲಿ ನಿಂತಿದ್ದ ಸೋಮಮ್ಮ ಕೇಳಿದರು: "ಇದ್ಕೆ ಮೂರ್ ದರಪಟ್ಟಿ ಬ್ಯಾಡ್ವಾ ಅಣ್ಣ?"

ಚಿಕ್ಕಸ್ವಾಮಿಯವರು ಲೋಟ ಕೆಳಗಿಟ್ಟು ನಕ್ಕರು. "ಪುಕ್ಸಟ್ಟೆ ಸಿಗೋದ್ಕೆ ಯಾರಾರ ದರಪಟ್ಟಿ ಕೇಳ್ತಾರೇನವ್ವ?"

ಸಭೆ ತಲೆದೂಗಿತು. ನಾನೂ ಹಾಗೇ ಬರೆದುಕೊಂಡೆ. ತಂತ್ರಾಂಶಗಳಿಗೆ ಹೊಸದಾಗಿ ಮೂರು ದರಪಟ್ಟಿ ಕರೆಯಲು ತೀರ್ಮಾನಿಸಿ, ಎರಡನೇ ಸಲ ಟೀ ತರಿಸಲಾಯಿತು.